ಎದೆಯ ಮೇಲೆ ಎಪ್ಪತ್ತೈದು ಎಂದು ಬರೆಸಿಕೊಂಡ ಭಾವಯ್ಯನವರಿಗೆ

ಗೆ,
ಶ್ರೀಮಾನ್ ಭಾವಯ್ಯನವರು,
ಖಾಯಂ ಮೂರ್ಛಿತರು,
ತಾಲೀಮು ಗೋಪುರದ ಮೂರನೇ ಮಹಡಿ,
ಅಗ್ನಿಶಾಮಕ ಠಾಣೆಯ ಹಿತ್ತಲು.

ವಿಷಯ: ನಾನು ಪಥ್ಯದಲ್ಲಿದ್ದ ಹನ್ನೆರಡು ವಾರಗಳಲ್ಲಿ ತಾವು ಮೈ ತುಂಬಿಕೊಂಡ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ, ಅಂದರೆ ತಮಗೆ ತೊಡಿಸಿರುವ ಬೇರೆ ಬೇರೆ ಅಳತೆಯ ಎರಡು ಹಳೆಯ ಬೂಟುಗಳಿಗೆ, ಅನಂತ ವಂದನೆಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ಕಳೆದ ಹನ್ನೆರಡು ವಾರಗಳಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಮ್ಮನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಮಹಡಿ ಇಳಿಯುತ್ತಿರುವ ನನ್ನ ಸೊಂಟಕ್ಕೆ ತಮ್ಮ ಕ್ಷೇಮ ಎಷ್ಟು ಕಿಲೋ ಇದೆ ಎಂಬುದು ಗೊತ್ತಿದೆ. ನನ್ನ ಕ್ಷೇಮವನ್ನು ತಾವಾಗಿ ಕೇಳುವವರಲ್ಲ ಎಂಬುದೂ ಗೊತ್ತಿರುವುದರಿಂದ ಅದನ್ನು ನಾನೇ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಈ ಪತ್ರವನ್ನು ಠಾಣೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದರಿಂದ, ತಮ್ಮನ್ನು ಅರಿಯದವರಿಗಾಗಿ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಲು ಅಪ್ಪಣೆಯಾಗಬೇಕು. ತಾವು ದಪ್ಪ ಕ್ಯಾನ್ವಾಸ್ ಬಟ್ಟೆಯ ಚರ್ಮ ಹೊದ್ದು, ಒಳಗೆಲ್ಲ ಮರಳು ತುಂಬಿಕೊಂಡಿರುವ ತಾಲೀಮಿನ ಬೊಂಬೆ. ಬೆಂಕಿಯ ಮನೆಯಲ್ಲಿ ಮೂರ್ಛೆ ಹೋದವರನ್ನು ಹೊತ್ತು ತರುವುದನ್ನು ನಾವು ಕಲಿಯುವುದು ತಮ್ಮನ್ನು ಹೊತ್ತು. ನಿವೃತ್ತರಾದ ಯಾರದೋ ಸಮವಸ್ತ್ರ ತಮ್ಮ ಮೈಮೇಲಿದೆ, ಎದೆಯ ಮೇಲೆ ಬಿಳಿ ಬಣ್ಣದಲ್ಲಿ '75 ಕಿಲೋ' ಎಂದು ದಪ್ಪಗೆ ಬರೆದಿದೆ. ಬಂದಲ್ಲಿ ಮೈಚೆಲ್ಲಿ ಮಲಗುತ್ತೀರಿ, ಎತ್ತಿದರೆ ಏಳುತ್ತೀರಿ, ಇಳಿಸಿದರೆ ಇಳಿಯುತ್ತೀರಿ, ಯಾವ ಉಪಚಾರಕ್ಕೂ ಒಂದು ಒಳ್ಳೆಯ ಮಾತಾಡುವುದಿಲ್ಲ, ಆದರೂ ತಮಗೆ ಏನಾದರೂ ಆದರೆ ಮೇಲಿನವರೆಗೂ ದೂರು ಹೋಗುತ್ತದೆ. ಈ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದ ಠಾಣೆಯ ಹಿರಿಯರು ಯಾವ ಕಾಲದಲ್ಲೋ ತಮಗೆ ಭಾವಯ್ಯ ಎಂದು ಹೆಸರಿಟ್ಟರು. ಅದಕ್ಕೆ ಇಂದಿನವರೆಗೆ ಯಾರೂ ಆಕ್ಷೇಪ ಎತ್ತಿಲ್ಲ.

ಇನ್ನು ನಾನು. ಏಣಿ ತಂಡದಲ್ಲಿ ಇಪ್ಪತ್ತೆರಡು ವರ್ಷ ಸೇವೆ, ವಯಸ್ಸು ನಲವತ್ತೆಂಟು, ಹನ್ನೆರಡು ವಾರಗಳ ಹಿಂದೆ ತೂಕ ತೊಂಬತ್ತನಾಲ್ಕು ಕಿಲೋ. ಆ ತೊಂಬತ್ತನಾಲ್ಕನ್ನು ನಾನು ಬಹುಕಾಲ ಸುಖವಾಗಿಯೇ ಹೊತ್ತುಕೊಂಡಿದ್ದೆ. ಆದರೆ ಈ ವರ್ಷದ ಆರಂಭದಲ್ಲಿ ಹೊಗೆ ತುಂಬಿದ ಒಂದು ಕಟ್ಟಡದ ನಾಲ್ಕನೇ ಮಹಡಿಯಿಂದ ನಿವೃತ್ತ ಶಾಲಾ ಮೇಡಂ ಒಬ್ಬರನ್ನು ಹೊತ್ತು ತರುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಉಸಿರು ಕೈಕೊಟ್ಟಿತು. ಅವರನ್ನು ಮೆಟ್ಟಿಲ ಮೇಲೆ ಕೂರಿಸಿಬಿಟ್ಟೆ. ಆ ಹಿರಿಯರು, ಕೆಮ್ಮುತ್ತಲೇ, ಪಾಠ ಬರದ ಹುಡುಗನಿಗೆ ಹೇಳುವ ಹಾಗೆ, "ಸುಧಾರಿಸ್ಕೊಳ್ಳಪ್ಪ, ನಾನೇನೂ ಓಡಿ ಹೋಗಲ್ಲ" ಅಂದರು. ಹಿಂದೆಯೇ ಬಂದ ನನ್ನ ಜೊತೆಗಾರ ಅವರನ್ನು ಎತ್ತಿಕೊಂಡು ಹೋದ. ಮೇಡಂ ಈಗ ಚೆನ್ನಾಗಿದ್ದಾರೆ. ನಾನು ಆ ಮಾತು ಕೇಳಿದ ದಿನದಿಂದ ಅಷ್ಟು ಚೆನ್ನಾಗಿಲ್ಲ.

ಇಲಾಖೆಯೂ ಸುಮ್ಮನಿರಲಿಲ್ಲ. ನಲವತ್ತೈದು ದಾಟಿದವರಿಗೆ ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯ ನಿಯಮವನ್ನು ನನಗೆ ಮತ್ತೊಮ್ಮೆ ಓದಿ ಹೇಳಲಾಯಿತು. ತೂಕ ಎಂಬತ್ತಾರು ಕಿಲೋಗಿಂತ ಹೆಚ್ಚಿರಬಾರದು, ಮತ್ತು ತಮ್ಮನ್ನು ಗೋಪುರದ ಮೂರನೇ ಮಹಡಿಯಿಂದ ತೊಂಬತ್ತು ಸೆಕೆಂಡಿನೊಳಗೆ, ಎಲ್ಲೂ ಕೆಳಗಿಡದೆ, ನೆಲಕ್ಕೆ ತರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಏಣಿ ತಂಡದಿಂದ ದೂರವಾಣಿ ಕೋಣೆಗೆ ವರ್ಗ. ದೂರವಾಣಿ ಕೋಣೆಯಲ್ಲಿ ಫ್ಯಾನ್ ಇದೆ, ಮೆತ್ತನೆಯ ಕುರ್ಚಿ ಇದೆ, ಬೆಂಕಿ ಬಿದ್ದಿದೆ ಎಂದು ಜನ ಹೇಳುವುದನ್ನು ಬರೆದುಕೊಂಡು ಬೇರೆಯವರನ್ನು ಕಳಿಸುವ ಕೆಲಸವಿದೆ. ನನಗೆ ಆ ಕುರ್ಚಿಯ ಕನಸು ಬಿದ್ದು ಎರಡು ಸಲ ಬೆಚ್ಚಿ ಎದ್ದಿದ್ದೇನೆ.

ಎಂಟು ಕಿಲೋ ಇಳಿಸುವುದು ದೊಡ್ಡ ಮಾತಲ್ಲ, ಬಾಯಿ ಮುಚ್ಚಿಕೊಂಡರೆ ಆಯಿತು ಎಂದೇ ನಾನೂ ಭಾವಿಸಿದ್ದೆ. ನನ್ನನ್ನು ತಿದ್ದಿದವರು ಇಲಾಖೆಯ ಆಹಾರ ತಜ್ಞೆ. ಊಟದ ಪ್ರತಿ ತುತ್ತನ್ನೂ ತೂಗಿಸುವ ಅವರಿಗೆ ನಾವಿಟ್ಟ ಹೆಸರು ತಕ್ಕಡಿ ಅಕ್ಕ. ಉಪವಾಸ ಬಿದ್ದರೆ ಇಳಿಯುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಜೊತೆಗೆ ಹೊರಟುಹೋಗುತ್ತದೆ, ಒಲೆಗೆ ಸೌದೆ ಸಾಲದ ಮನೆಯವರು ಕುರ್ಚಿ ಮುರಿದು ಉರಿಸುವ ಹಾಗೆ, ಎಂದು ಅವರು ವಿವರಿಸಿದರು. ಹಾಗಾಗದಿರಲು ನಿಧಾನವಾಗಿ ಇಳಿಸಬೇಕು, ವಾರಕ್ಕೆ ಮುಕ್ಕಾಲು ಕಿಲೋ ಮೀರಬಾರದು. ಭಾರ ಎತ್ತುವುದನ್ನು ಬಿಡಬಾರದು. ದಿನದ ಎಲ್ಲ ಊಟಗಳಲ್ಲೂ ಪ್ರೋಟೀನ್ ಹಂಚಿಕೊಂಡಿರಬೇಕು. ತಾಲೀಮು ಮುಗಿದ ಒಂದೆರಡು ಗಂಟೆಯೊಳಗೆ ಮೂರು ಮೊಟ್ಟೆ, ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಬಾಳೆಹಣ್ಣು ಹೊಟ್ಟೆಗೆ ಬೀಳಬೇಕು. ರಾತ್ರಿ ನಿದ್ದೆ ಸರಿಯಾಗಿ ಆಗಬೇಕು. ಇಷ್ಟನ್ನು ಅವರು ಶಾಂತವಾಗಿ ಹೇಳಿದರು. ಶಾಂತವಾಗಿ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇಲ್ಲ.

ಭಾವಯ್ಯನವರೇ, ಬೂಟು ಹಾಕಿಕೊಳ್ಳುವುದಕ್ಕೂ ಸೆಕೆಂಡು ಎಣಿಸುವ ನಮಗೆ ಒಂದೆರಡು ಗಂಟೆ ಎಂಬುದು ಸಮಯವೇ ಅಲ್ಲ. ಅಷ್ಟು ಹೊತ್ತಿಗೆ ಮೂರು ಮನೆ ಉರಿದು ಹೋಗಿರುತ್ತದೆ. ಹಾಗಾಗಿ ನಾನು ಅದನ್ನು ಸ್ವಂತ ಅಧಿಕಾರದಿಂದ ಅರ್ಧ ಗಂಟೆಗೆ ಇಳಿಸಿ, ತಮ್ಮನ್ನು ನೆಲಕ್ಕೆ ಇಟ್ಟ ಕ್ಷಣವೇ ಕೊರಳಿನ ಸ್ಟಾಪ್‌ವಾಚ್ ಒತ್ತಿ ಅಡುಗೆಮನೆಗೆ ಓಡತೊಡಗಿದೆ. ಠಾಣೆಯ ಅಡುಗೆಯಾಕೆಯನ್ನು ನಾವೆಲ್ಲ ಚಿಕ್ಕಮ್ಮ ಎನ್ನುತ್ತೇವೆ. ಅವರು ಮೊದಲ ವಾರ ನನ್ನ ಮೊಟ್ಟೆಗಳನ್ನು ಸುಲಿದೇ ಇಟ್ಟಿರುತ್ತಿದ್ದರು, ಎರಡನೇ ವಾರ ಸುಲಿಯದೆ ಇಟ್ಟರು, ಮೂರನೇ ವಾರ "ಅಲ್ಲಿ ಪಾತ್ರೆಯಲ್ಲಿ ಕುದೀತಿದೆ, ಬೇಕಾದ್ರೆ ಕೈ ಹಾಕಿ ತಗೋ" ಅಂದರು. ನನಗೆ ಅವರ ಮೇಲೆ ಕೋಪವಿಲ್ಲ. ಇಪ್ಪತ್ತೊಂಬತ್ತನೇ ನಿಮಿಷದಲ್ಲಿ ಅಪಾಯದ ಗಂಟೆ ಹೊಡೆದು, ನಾನು ಎರಡು ಮೊಟ್ಟೆಯನ್ನು ಕೋಟಿನ ಜೇಬಿಗೂ ಒಂದನ್ನು ಬಾಯಿಗೂ ಹಾಕಿಕೊಂಡು ಗಾಡಿ ಹತ್ತಿ, ಉರಿಯುತ್ತಿದ್ದ ಗೋದಾಮಿನ ಮಾಲೀಕರು "ಬೇಗ, ಬೇಗ" ಎಂದು ಕೈ ಹಿಡಿದಾಗ ಉತ್ತರ ಕೊಡಲಾಗದೆ ಗಂಭೀರವಾಗಿ ತಲೆಯಾಡಿಸಿದ್ದೂ ಉಂಟು. ಆ ಮನುಷ್ಯರು ಆಮೇಲೆ ನನ್ನ ಧೈರ್ಯವನ್ನು ಎಲ್ಲರೆದುರು ಹೊಗಳಿದರಂತೆ.

ಇಷ್ಟೆಲ್ಲ ನಿಷ್ಠೆಗೆ ಮೊದಲ ಮೂರು ವಾರ ಫಲವೂ ಸಿಕ್ಕಿತು. ತಮ್ಮನ್ನು ಹೊತ್ತು ಇಳಿಯಲು ಮೊದಲ ದಿನ ನೂರ ನಾಲ್ಕು ಸೆಕೆಂಡು ಹಿಡಿದದ್ದು ಮೂರನೇ ವಾರದ ಕೊನೆಗೆ ಎಂಬತ್ತೆಂಟಕ್ಕೆ ಬಂತು. ಆ ಖುಷಿಯಲ್ಲಿ ನನಗೆ ತಮ್ಮ ಮೇಲೆ ಅಕ್ಕರೆ ಉಕ್ಕಿ ಬಂದದ್ದೇ ಎಲ್ಲ ಅನಾಹುತಕ್ಕೆ ಮೂಲ. ತಾಲೀಮು ಮುಗಿದ ಮೇಲೆ ತಮ್ಮನ್ನು ಹಿತ್ತಲ ಬಿಸಿಲಲ್ಲೇ ಬಿಟ್ಟುಹೋಗುವುದು ನಮ್ಮ ರೂಢಿ. ಬಿಸಿಲಿಗೆ ತಮ್ಮ ಭುಜದ ಬಟ್ಟೆ ಬಿರುಕು ಬಿಡುತ್ತಿರುವುದನ್ನು ಕಂಡು, ಪಾಪ ಇವರಿಗೂ ವಯಸ್ಸಾಯಿತು ಎಂದುಕೊಂಡು, ನಾಲ್ಕನೇ ವಾರದಿಂದ ತಮ್ಮನ್ನು ಹೋಸ್ ಪೈಪು ಒಣಗಿಸುವ ಎತ್ತರದ ಕಂಬದ ಕೆಳಗೆ ತಂಪಾದ ನೆರಳಿನಲ್ಲಿ ಗೋಡೆಗೆ ಒರಗಿಸಿ ಕೂರಿಸತೊಡಗಿದೆ. ಮನೆಗೆ ಬಂದ ನೆಂಟರನ್ನು ಫ್ಯಾನಿನ ಕೆಳಗೆ ಕೂರಿಸುವುದಿಲ್ಲವೇ, ಅದೇ ಬುದ್ಧಿ.

ಐದನೇ ವಾರದಿಂದ ನನ್ನ ಕಾಲು ನಡುಗತೊಡಗಿತು. ಎಂಬತ್ತೆಂಟು ಸೆಕೆಂಡು ತೊಂಬತ್ತೊಂದಾಯಿತು, ತೊಂಬತ್ತೈದಾಯಿತು, ಒಂದು ದಿನ ತೊಂಬತ್ತೊಂಬತ್ತಾಯಿತು. ಇತ್ತ ನನ್ನ ತೂಕ ಹೇಳಿದ ಹಾಗೆಯೇ ಇಳಿಯುತ್ತಿತ್ತು. ತೂಕ ಇಳಿಯುತ್ತಿದೆ, ಶಕ್ತಿಯೂ ಇಳಿಯುತ್ತಿದೆ ಎಂದಮೇಲೆ ಹೋಗುತ್ತಿರುವುದು ಏನು ಎಂದು ಯಾರಿಗಾದರೂ ತಿಳಿಯುತ್ತದೆ. ಕುರ್ಚಿ ಮುರಿದು ಒಲೆಗೆ ಹಾಕುವ ಸದ್ದು ನನಗೆ ಒಳಗೆ ಕೇಳಿಸತೊಡಗಿತು. ಮೊಟ್ಟೆ ಮೂರು ಹೋಗಿ ನಾಲ್ಕಾಯಿತು, ಬಟ್ಟಲು ದೊಡ್ಡದಾಯಿತು, ಅರ್ಧ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ, ಸಂಜೆಯ ಸಿಹಿ ಚಹಾ ಬಿಟ್ಟೆ. ತಮ್ಮನ್ನು ಹೊತ್ತು ಇಳಿದಾಗಲೆಲ್ಲ ನನ್ನ ಅಂಗಿಯ ಬೆನ್ನು ಹಿಂಡಿದರೆ ಸುರಿಯುವಷ್ಟು ಒದ್ದೆಯಾಗಿರುತ್ತಿತ್ತು. ಅದೂ ನನ್ನದೇ ಬೆವರು, ಶಕ್ತಿ ಉಡುಗಿದವನ ತಣ್ಣನೆಯ ಬೆವರು ಎಂದುಕೊಂಡು ಮತ್ತಷ್ಟು ಹೆದರಿದೆ.

ಮನೆಯಲ್ಲಿ ನನ್ನಾಕೆಗೆ ದಿನಾ ತೋಳು ಮಡಚಿ ತೋರಿಸಿ ಕಡಿಮೆಯಾಗಿದೆಯೇ ಎಂದು ಕೇಳುತ್ತಿದ್ದೆ. "ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ, ಕೈ ತೆಗೀರಿ, ಅನ್ನ ಬಸೀಬೇಕು" ಎಂದು ಆಕೆ ಹೇಳಿದರೂ ನಂಬಿಕೆ ಬರಲಿಲ್ಲ. ಕಡೆಗೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ಮಲಗುವ ಕೋಣೆಯ ಬೀರುವನ್ನು ಒಬ್ಬನೇ ಎತ್ತಿ ಈ ಗೋಡೆಯಿಂದ ಆ ಗೋಡೆಗೆ ಇಟ್ಟೆ. ಸಲೀಸಾಗಿ ಬಂತು. ಇದರಿಂದ ಬುದ್ಧಿವಂತನಾದವನು ತನ್ನ ಮಾಂಸಖಂಡ ಕ್ಷೇಮವಾಗಿದೆ ಎಂದು ತಿಳಿಯಬೇಕಿತ್ತು. ನಾನು, ನನ್ನ ಮನಸ್ಸು ನೋಯದಿರಲೆಂದು ಆಕೆ ಗುಟ್ಟಾಗಿ ಬೀರು ಖಾಲಿ ಮಾಡಿದ್ದಾಳೆ ಎಂದು ತಿಳಿದು, ಕಣ್ಣು ತುಂಬಿಕೊಂಡು, ಆಕೆಯ ದೊಡ್ಡ ಗುಣವನ್ನು ಮನಸ್ಸಿನಲ್ಲೇ ಕೊಂಡಾಡಿದೆ. ತಮ್ಮ ಎದೆಯ ಮೇಲೆ ಬರೆದಿರುವ ಸಂಖ್ಯೆಯನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. ಇಲಾಖೆಯ ಬಿಳಿ ಬಣ್ಣದಲ್ಲಿ ಬರೆದದ್ದನ್ನು ಅನುಮಾನಿಸುವ ಸಂಸ್ಕಾರ ನಮ್ಮದಲ್ಲ.

ಮೊನ್ನೆ ಹನ್ನೆರಡನೇ ವಾರದ ತಪಾಸಣೆಗೆ ತಕ್ಕಡಿ ಅಕ್ಕ ದೊಡ್ಡ ತೂಕದ ಯಂತ್ರ ಹೊತ್ತುಕೊಂಡು ಠಾಣೆಗೇ ಬಂದರು. ನನ್ನ ತೂಕ ಎಂಬತ್ತೈದೂವರೆ. ತೋಳಿಗೆ, ತೊಡೆಗೆ ಅಳತೆಪಟ್ಟಿ ಹಿಡಿದರು, ಮುಷ್ಟಿಯ ಹಿಡಿತ ಅಳೆಯುವ ಯಂತ್ರವನ್ನು ಹಿಸುಕಿಸಿದರು, ಹಳೆಯ ಲೆಕ್ಕದ ಪುಸ್ತಕ ನೋಡಿ ಹುಬ್ಬೇರಿಸಿದರು. ಸೊಂಟ ಇಳಿದಿದೆ, ತೊಡೆ ಇದ್ದಷ್ಟೇ ಇದೆ, ಹಿಡಿತ ಮೊದಲಿಗಿಂತ ಹೆಚ್ಚಿದೆ, ಇದಕ್ಕಿಂತ ಚೆನ್ನಾಗಿ ಪಥ್ಯ ಮಾಡಿದವರನ್ನು ತಾನು ಕಂಡಿಲ್ಲ ಎಂದರು. ನಾನು ಅಳುವುದೊಂದು ಬಾಕಿ. ಹಾಗಾದರೆ ಭಾವಯ್ಯನವರನ್ನು ಯಾಕೆ ಹೊರಲಾಗುತ್ತಿಲ್ಲ ಎಂದು ಕೇಳಿದೆ. ಅವರು ಪೆನ್ನಿನಿಂದ ತಮ್ಮನ್ನು ತೋರಿಸಿ, "ಅವರನ್ನೂ ಹತ್ತಿಸಿ, ನೋಡೇಬಿಡೋಣ" ಎಂದರು.

ತಮ್ಮನ್ನು ಯಂತ್ರದ ಮೇಲೆ ಕೂರಿಸಿದ ಆ ಗಳಿಗೆಗೆ ಅಲ್ಲಿದ್ದವರೆಲ್ಲ ಸಾಕ್ಷಿ: ಎಂಬತ್ತಾರು ಕಿಲೋ ನಾನೂರು ಗ್ರಾಂ. ತಮ್ಮನ್ನು ಇಳಿಸಿದಾಗ ಯಂತ್ರದ ಮೇಲೆ ಒಂದು ಲೋಟದಷ್ಟು ನೀರು ನಿಂತಿತ್ತು. ತಕ್ಕಡಿ ಅಕ್ಕ ಅದನ್ನು ಬಟ್ಟೆಯಿಂದ ಒರೆಸಿ, ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದು, ಮುಂದೆ 'ಪಥ್ಯ ಪಾಲಿಸುತ್ತಿಲ್ಲ' ಎಂದು ಷರಾ ಹಾಕಿದರು.

ಆಮೇಲೆ ಎಲ್ಲವೂ ಬಯಲಾಯಿತು. ನಾವು ಪ್ರತಿ ತಾಲೀಮಿನ ನಂತರ ಒದ್ದೆ ಹೋಸ್‌ಗಳನ್ನು ಆ ಕಂಬಕ್ಕೆ ನೇತುಹಾಕುತ್ತೇವೆ. ಅವು ಗಂಟೆಗಟ್ಟಲೆ ತೊಟ್ಟಿಕ್ಕುತ್ತವೆ. ಕೆಳಗೆ ನೆರಳಿನಲ್ಲಿ ತಲೆ ತಗ್ಗಿಸಿ ಕುಳಿತ ತಾವು ಅಷ್ಟನ್ನೂ ಕುತ್ತಿಗೆಯ ಹೊಲಿಗೆಯಿಂದ ಒಳಗೆ ಇಳಿಸಿಕೊಳ್ಳುತ್ತಿದ್ದಿರಿ. ತಾಲೀಮು ಮುಗಿದ ಅರ್ಧ ಗಂಟೆಯೊಳಗೆ, ಒಂದು ದಿನವೂ ತಪ್ಪದೆ, ಅಪಾಯದ ಗಂಟೆ ಹೊಡೆದರೂ ಜಾಗ ಬಿಟ್ಟು ಏಳದೆ, ತಕ್ಕಡಿ ಅಕ್ಕ ನನಗೆ ಹೇಳಿದ್ದನ್ನು ನನಗಿಂತ ಶ್ರದ್ಧೆಯಿಂದ ಪಾಲಿಸಿದವರು ತಾವು. ಒಂದು ಮೊಟ್ಟೆ ಸುಲಿಯದೆ, ಚಿಕ್ಕಮ್ಮನ ಬಾಯಿಗೆ ಬೀಳದೆ, ಹನ್ನೊಂದು ಕಿಲೋ ನಾನೂರು ಗ್ರಾಂ ಸಂಪಾದಿಸಿದಿರಿ. ತಾವು ನೀರು ಕುಡಿದು ನನಗೆ ನೀರು ಕುಡಿಸಿದಿರಿ. ಈ ಸಾಧನೆಗೆ ಯಾವ ಸನ್ಮಾನ ಮಾಡಿದರೂ ಕಡಿಮೆಯೇ.

ತಮ್ಮನ್ನು ಅಲ್ಲಿ ಕೂರಿಸಿದವನು ನಾನೇ ಎಂಬ ಸಣ್ಣ ವಿಷಯವನ್ನು ಕೆಲವರು ಎತ್ತುತ್ತಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬೇಡ ಎನ್ನುವ ಅವಕಾಶ ತಮಗೂ ಇತ್ತು. ಉಳಿದವರು ತಮ್ಮನ್ನು ವಾರಕ್ಕೊಮ್ಮೆ ಇಬ್ಬಿಬ್ಬರಾಗಿ ಎತ್ತುವುದರಿಂದ ಅವರಿಗೆ ತಿಳಿಯದೇ ಹೋದದ್ದು ಸಹಜ. ನನ್ನ ಮನಸ್ಸಿಗೆ ನೋವಾದದ್ದು ಜೊತೆಗಾರನಿಂದ. ಅವನಿಗೆ ನಾವಿಟ್ಟ ಹೆಸರು ಮೌನಿ. ದಿನಾ ಗೋಪುರದ ಕೆಳಗೆ ನಿಂತು ಸೆಕೆಂಡು ಎಣಿಸುತ್ತಿದ್ದವನು ಅವನೇ. ತಮ್ಮ ಬೂಟಿನಿಂದ ನೀರು ಸುರಿಯುವುದನ್ನು ಏಳು ವಾರದಿಂದ ನೋಡುತ್ತಿದ್ದೆನೆಂದು ಅವನು ಮೊನ್ನೆ ಒಪ್ಪಿಕೊಂಡ. ಮತ್ತೆ ಯಾಕೆ ಹೇಳಲಿಲ್ಲ ಮಾರಾಯ ಎಂದರೆ, "ಬೇಕಂತಲೇ ನೆನೆಸಿ ಹೊರ್ತಿದ್ದೀಯ ಅಂದ್ಕೊಂಡೆ. ಆ ಮೇಡಂ ವಿಷಯ ಆದಮೇಲೆ ನೀನು ಹಾಗೇ ಅಲ್ವಾ" ಅಂದ.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದಾಗಿ, ತಾವು ಕೂಡಲೇ ತಕ್ಕಡಿ ಅಕ್ಕನವರ ಬಳಿ ಹೆಸರು ನೋಂದಾಯಿಸಿಕೊಂಡು, ವಾರಕ್ಕೆ ಮುಕ್ಕಾಲು ಕಿಲೋ ಮೀರದಂತೆ, ಒಳಗಿನ ಮರಳಿಗೆ ಯಾವ ಧಕ್ಕೆಯೂ ಬಾರದಂತೆ ತೂಕ ಇಳಿಸಬೇಕು. ಅವಸರದಲ್ಲಿ ಇಳಿಸಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ, ನಾನು ಹೆಚ್ಚುವರಿಯಾಗಿ ತಿಂದ ನೂರಕ್ಕೂ ಮಿಕ್ಕ ಮೊಟ್ಟೆಗಳ ವಿಷಯದಲ್ಲಿ ಸಂಬಂಧಪಟ್ಟ ಕೋಳಿಗಳಿಗೆ ತಮ್ಮ ಕಡೆಯಿಂದ ಒಂದು ವಿಷಾದ ಪತ್ರ ಹೋಗಬೇಕು. ನನ್ನಾಕೆಯ ಬೀರುವನ್ನು ಮೊದಲಿದ್ದ ಗೋಡೆಗೆ ಸೇರಿಸಲು ತಾವೇ ಖುದ್ದಾಗಿ ಬಂದು ಒಂದು ಕಡೆ ಹಿಡಿಯಬೇಕು, ಏಕೆಂದರೆ ಅದು ತುಂಬಿಯೇ ಇತ್ತೆಂದು ತಿಳಿದ ಮೇಲೆ ಅದು ನನ್ನಿಂದ ಅಲುಗಾಡುತ್ತಿಲ್ಲ.

ಕೊನೆಯ ಬೇಡಿಕೆಯೊಂದಿದೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಸೋಮವಾರ ಪರೀಕ್ಷೆ. ವಿಷಯ ತಿಳಿದ ನಮ್ಮ ಠಾಣಾಧಿಕಾರಿಗಳು ನನ್ನ ಬೆನ್ನು ತಟ್ಟಿ, ತಮ್ಮನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ ಸರಿಯಾಗಿ ಎಪ್ಪತ್ತೈದಕ್ಕೆ ತರಬೇಕೆಂದು ಆಜ್ಞೆ ಮಾಡಿದ್ದಾರೆ. ಒಣಗಿದ ತಮ್ಮನ್ನು ನಾನು ಎಂಬತ್ತು ಸೆಕೆಂಡಿಗೆ ಇಳಿಸಬಲ್ಲೆ, ಕಣ್ಣು ಕಟ್ಟಿದರೂ ಇಳಿಸಬಲ್ಲೆ. ಒದ್ದೆಯಾದ ತಮ್ಮನ್ನು ನಿನ್ನೆ ಸಂಜೆ ತೊಂಬತ್ತೆರಡು ಸೆಕೆಂಡಿಗೆ ಇಳಿಸಿದೆ. ಎರಡು ಸೆಕೆಂಡು ಹೆಚ್ಚು. ಇಷ್ಟಾದರೂ ತಾವು ದಯವಿಟ್ಟು ಒಣಗಬಾರದೆಂದು ನನ್ನ ಕಳಕಳಿಯ ಪ್ರಾರ್ಥನೆ.

ಬೆಂಕಿ ಬಿದ್ದ ಮನೆಯಲ್ಲಿ ಜನ ಒಣಗಿಕೊಂಡು ನಮಗಾಗಿ ಕಾದಿರುವುದಿಲ್ಲ. ನಾವೇ ಕೆಳಗಿನಿಂದ ನೀರು ಹೊಡೆದು ಅವರನ್ನು, ಅವರ ಹಾಸಿಗೆಯನ್ನು, ಮೈಮೇಲಿನ ಕಂಬಳಿಯನ್ನು ತೋಯಿಸಿರುತ್ತೇವೆ, ಆಮೇಲೆ ಹೋಗಿ ಎತ್ತುತ್ತೇವೆ. ಮೇಡಂ ಕೂಡ ಅಂದು ತೊಯ್ದು ತೊಪ್ಪೆಯಾಗಿದ್ದರು. ನಾನು ಮೆಟ್ಟಿಲ ಮೇಲೆ ಕೂರಿಸಿದ್ದು ಎದೆಯ ಮೇಲೆ ಸಂಖ್ಯೆ ಬರೆದ ಬೊಂಬೆಯನ್ನಲ್ಲ, ಅವರನ್ನು. ಒಣಗಿದ ಬೊಂಬೆಯನ್ನು ಹೊತ್ತು ಪಾಸಾಗಿ ಮತ್ತೆ ಏಣಿ ಹತ್ತಿದರೆ, ಇನ್ನೊಂದು ಮೆಟ್ಟಿಲ ತಿರುವಿನಲ್ಲಿ ಇನ್ನೊಬ್ಬರು ನನಗೆ ಸುಧಾರಿಸ್ಕೊಳ್ಳಪ್ಪ ಅಂದರೆ, ಅದನ್ನು ಕೇಳುವ ಶಕ್ತಿ ನನಗಿಲ್ಲ. ಅದಕ್ಕಿಂತ ಫ್ಯಾನಿನ ಕೆಳಗಿನ ಕುರ್ಚಿ ಮೇಲು. ಆದ್ದರಿಂದ ತಾವು ಸೋಮವಾರ ಬೆಳಿಗ್ಗೆಯವರೆಗೆ ಅದೇ ನೆರಳಿನಲ್ಲಿ, ಅದೇ ಹೋಸ್‌ಗಳ ಕೆಳಗೆ ಕುಳಿತು, ಆ ಹನ್ನೊಂದು ಕಿಲೋ ನಾನೂರು ಗ್ರಾಂನಲ್ಲಿ ಒಂದು ಹನಿಯನ್ನೂ ಬಿಟ್ಟುಕೊಡದೆ ಹಾಗೆಯೇ ನನ್ನ ಹೆಗಲಿಗೆ ಬರಬೇಕು. ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಅಲ್ಲಿ ಜಾಗವಿದ್ದರೆ.

ಎಂಬತ್ತೈದೂವರೆ ಕಿಲೋ ತೂಗುವ,
ತಮ್ಮ ವಿಶ್ವಾಸಿ,
ಏಣಿ ತಂಡದವನು

ಮರೆತ ಮಾತು, ಬೇರೆ ಚೀಟಿಯಲ್ಲಿ, ತಮ್ಮ ಜೇಬಿಗೆ ಮಾತ್ರ: ಆ ಪತ್ರವನ್ನು ಅಂಟಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಠಾಣಾಧಿಕಾರಿಗಳು ಬಂದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಅವರು ನನ್ನನ್ನು ತಡೆಯುತ್ತಾರೆ, ಹುಚ್ಚೇ ನಿನಗೆ ಎಂದು ಗದರುತ್ತಾರೆ, ನಾನು ಒಲ್ಲದ ಮನಸ್ಸಿನಿಂದ ತಮ್ಮನ್ನು ಒಣಗಿಸಲು ಒಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ. ಅವರು "ಸರಿ, ನಿನ್ನಿಷ್ಟ" ಎಂದು ಕೆಳಗೆ ಸಹಿ ಹಾಕಿ ಮೊಹರು ಒತ್ತಿ ಹೋದರು. ಈಗ ಅದನ್ನು ಹಿಂತೆಗೆದುಕೊಳ್ಳುವ ಹಾಗಿಲ್ಲ, ಮೌನಿ ಬೇರೆ ಎಲ್ಲರಿಗೂ ಓದಿ ಹೇಳುತ್ತಿದ್ದಾನೆ. ಆದ್ದರಿಂದ ಫಲಕದ ಮೇಲೆ ಅಂಟಿಸಿದ್ದೆಲ್ಲ ಹಾಗೆಯೇ ಇರಲಿ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೆ ನಮ್ಮಿಬ್ಬರ ನಡುವೆ ಒಂದು ಮಾತು: ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಯಾರಿಗೂ ಕಾಣದ ಹಾಗೆ, ಎರಡು ಸೆಕೆಂಡಿನಷ್ಟು ನೀರನ್ನು ಮಾತ್ರ ಬೂಟಿನ ಕಡೆಯಿಂದ ಬಿಟ್ಟುಬಿಡಲು ತಮ್ಮಿಂದ ಸಾಧ್ಯವೇ? ಹನ್ನೆರಡು ವಾರಗಳಲ್ಲಿ ತಾವು ನನಗಾಗಿ ಇನ್ನೂ ಏನೂ ಮಾಡಿಲ್ಲ.